ಬಾಸಿಂಗ ಅಂತಲೇ ಬರೆದೆ

ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ಅವ್ವ ಅಕ್ಕಿಆಲೂರಿನಲ್ಲಿ ಮದುವೆಯ ಬಾಸಿಂಗ ಮಾಡುತ್ತಾಳೆ. ಕಾಗದ ಮಡಚಿ ಎಸಳು ಮಾಡಿ, ಮೇಲೆ ಬೇಗಡೆ, ಅಂದರೆ ಬಂಗಾರದ ಬಣ್ಣ ಬಳಿದ ತೆಳು ತಗಡಿನ ಹಾಳೆ ಅಂಟಿಸುವುದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಬಿಎಸ್ಸಿ ಕೊನೆಯ ವರ್ಷ ಪ್ರಾಜೆಕ್ಟಿಗೆ ದೀಪ ಹೊತ್ತುವ ಬಾಸಿಂಗ ಮಾಡುತ್ತೇನೆ ಎಂದು ಬರೆದುಕೊಟ್ಟೆ. ವೈರಿನ ಬದಲು ಬೇಗಡೆಯ ಪಟ್ಟಿ, ಸ್ವಿಚ್ಚಿನ ಬದಲು ಕಾಗದದ ಒಂದು ಮಡಿಕೆ. ಮಡಿಕೆ ಒತ್ತಿದರೆ ಎರಡು ಪಟ್ಟಿ ಕೂಡಬೇಕು, ಬಿಲ್ಲೆಯಂಥ ಪುಟ್ಟ ಸೆಲ್ಲಿನಿಂದ ಐದು ಎಲ್‌ಇಡಿ ಹೊತ್ತಬೇಕು. ಪ್ರಾಜೆಕ್ಟ್ ಪಾಸಾಗದೆ ಡಿಗ್ರಿ ಇಲ್ಲ.

ಹಾನಗಲ್ಲಿನ ಕಾಲೇಜಿನಲ್ಲಿ ಎಲ್ಲರೆದುರು ಮಡಿಕೆ ಒತ್ತಿದೆ. ಒಂದೂ ಹೊತ್ತಲಿಲ್ಲ. ಮದುಮಗ ಓಡಿಹೋದ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.

"ಬಾಸಿಂಗ ಮಾಡಾಕ ಬಿಎಸ್ಸಿ ಯಾಕ ಬೇಕಾಗಿತ್ತವಾ ನಿನಗ?" ಎಂದರು ನಮ್ಮ ಸರ್. ಸೋಮವಾರದೊಳಗೆ ಹುಬ್ಬಳ್ಳಿಯಿಂದ ರೆಡಿ ಮಾಡೆಲ್ ತಾ, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ಉಳಿದವರು ತಂದದ್ದು ಅಂಥವೇ. ಒಳಗೇನಿದೆ ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ.

ನಾನು ಹುಬ್ಬಳ್ಳಿ ಬಸ್ಸು ಹತ್ತಲಿಲ್ಲ. ಮನೆಯಲ್ಲಿ ಕುಳಿತು ಒಂದೊಂದೇ ಕೂಡುವ ಜಾಗ ನೋಡಿದೆ. ಉಗುರಿನಿಂದ ಬೇಗಡೆ ಕೆರೆದಲ್ಲಿ ಮಾತ್ರ ದೀಪ ಮಿಣುಕಿತು. ಬಣ್ಣದ ಪದರ ವಿದ್ಯುತ್ತನ್ನು ತಡೆಯುತ್ತಿತ್ತು. ಹಿಂಬದಿ ಬರೀ ಅಲ್ಯೂಮಿನಿಯಂ, ಅದರಲ್ಲಿ ಸಲೀಸಾಗಿ ಹರಿಯಿತು. ಬೇರೆ ಯಾರಾದರೂ ಆಗಿದ್ದರೆ ಒಂದು ಪಟ್ಟಿಯನ್ನಾದರೂ ಅಪ್ಪಿತಪ್ಪಿ ತಿರುವಿ ಅಂಟಿಸಿ, ವಿಷಯ ತಿಳಿದುಕೊಳ್ಳುತ್ತಿದ್ದರು. ಬಾಸಿಂಗದ ಮನೆಯ ನನ್ನ ಕೈ ಹೊಳಪನ್ನು ಒಮ್ಮೆಯೂ ಕೆಳಗೆ ಹಾಕಿರಲಿಲ್ಲ.

ಎಲ್ಲವನ್ನೂ ಕಿತ್ತು ತಿರುವತೊಡಗಿದೆ. ಅವ್ವನಿಗೆ ಸಿಟ್ಟು ಬಂತು.

"ಹೊಳಪು ಒಳಗ ಮಾಡಿ ನಮ್ಮನ್ಯಾಗ ಯಾರೂ ಬಾಸಿಂಗ ಮಾಡಿಲ್ಲ. ಮಂದಿ ಮುಂದ ಹಿಡ್ಯಾಕ ನಾಚಿಗಿ ಬರೂದಿಲ್ಲೇನ?"

"ಹೊತ್ತಲಾರದ್ದನ್ನ ಹಿಡ್ಯಾಕ ನಾಚಿಗಿ ಬರತೈತಿ, ಅವ್ವಾ."

ಸ್ವಲ್ಪ ಹೊತ್ತಿಗೆ, ನಾನು ಉಗುರು ಎಳೆದು ಮಡಚಿದಲ್ಲೆಲ್ಲ ಬೇಗಡೆ ಬಿರಿಯುವುದನ್ನು ನೋಡಲಾರದೆ ಅವ್ವನೇ ನನ್ನ ಕೈಯಿಂದ ಕಸಿದುಕೊಂಡಳು. ತೆಳು ಕಡ್ಡಿಯ ಮೇಲೆ ಸುತ್ತಿ, ದುಂಡಗೆ ಮಡಚಿಕೊಟ್ಟಳು. ಮಡಿಕೆ ಮತ್ತೆ ಬಿರಿಯಲಿಲ್ಲ.

ಸೋಮವಾರ ಐದೂ ಹೊತ್ತಿದವು. ಸರ್ ತಾವೇ ಮೂರು ಸಲ ಮಡಿಕೆ ಒತ್ತಿ ನೋಡಿದರು. ಆಮೇಲೆ ವರದಿಯ ಮೇಲಿನ 'ಬಾಸಿಂಗ' ಶಬ್ದವನ್ನು ಪೆನ್ನಿನಿಂದ ಹೊಡೆದುಹಾಕಿ, 'ಕಾಗದ ಆಧಾರಿತ ಸರಳ ವಿದ್ಯುನ್ಮಂಡಲ' ಎಂದು ಬರೆ ಎಂದರು. ಹೊರಗಿನ ಪರೀಕ್ಷಕರು ನಗುತ್ತಾರಂತೆ. ಹೆಸರು ಬದಲಿಸಿದರೆ ಒಳ್ಳೆಯ ಅಂಕ, ಇಲ್ಲದಿದ್ದರೆ ಪಾಸಿಗೆ ಎಷ್ಟು ಬೇಕೋ ಅಷ್ಟೇ.

"ನಗೋರು ನಗಲಿ ಬಿಡ್ರಿ ಸರ್," ಎಂದೆ. "ಇದನ್ನ ಕಲಿಸಿದಾಕಿಗೆ ನೀವು ಹೇಳೂ ಹೆಸರು ಗೊತ್ತಿಲ್ಲ. ಬಾಸಿಂಗ ಅಂತನ ಇರಲಿ."

ಅಲ್ಲೇ ಬೆಂಚಿನ ಮೇಲೆ ಕುಳಿತು ಹೊಸ ಹಾಳೆಯಲ್ಲಿ ಮೊದಲಿಗಿಂತ ದಪ್ಪ ಅಕ್ಷರದಲ್ಲಿ ಬರೆದು ಮುಂದಿಟ್ಟೆ. ಸಹಿ ಹಾಕಿದರು. ಅಂಕವನ್ನೂ ಹೇಳಿದಷ್ಟೇ ಕೊಟ್ಟರು.

ಈಗ ಕೆಲಸದ ಸಂದರ್ಶನಕ್ಕೆ ಹೋದಲ್ಲಿ ಅಂಕಪಟ್ಟಿ ನೋಡಿ, ಪ್ರಾಜೆಕ್ಟಿನಲ್ಲಿ ಮಾತ್ರ ಯಾಕೆ ಇಷ್ಟು ಕಡಿಮೆ ಎಂದು ಕೇಳುತ್ತಾರೆ. ಏನು ಮಾಡಿದೆ, ಹೇಗೆ ಹೊತ್ತಿತು ಎಂದು ಪೂರ್ತಿ ಹೇಳುತ್ತೇನೆ, ಹೆಸರು ಸಮೇತ.