ರುದ್ರಪ್ಪನವರ ರಾಜಿ ಪುಸ್ತಕ

ಇವತ್ತು ಬೆಳಿಗ್ಗೆ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನ ಇಂಡಿಯನ್ ಅಂಗಡಿಯಲ್ಲಿ ವೀಳ್ಯದೆಲೆಯ ಕಟ್ಟು ಬಿಚ್ಚುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಸಾಮಾನಿನ ಚೀಟಿ ಮರೆತು ನಿಂತುಬಿಟ್ಟೆ. ನಿಮಗೆ ಅದು ಮದುವೆಯೂಟದ ನೆನಪು ತರಬಹುದು. ನನಗೆ ಮಾತ್ರ ಅದು ರುದ್ರಪ್ಪನವರ ಕೋರ್ಟಿನ ವಾಸನೆ.

ಕೋರ್ಟು ಎಂದರೆ ಅವರ ಮಗಳ ಮನೆಯ ಗ್ಯಾರೇಜು. ರುದ್ರಪ್ಪನವರು ಪ್ರಾಯದಲ್ಲಿ ತಿಪಟೂರಿನ ಕಡೆ ನ್ಯಾಯ ಪಂಚಾಯತಿಗೆ ಆರಿಸಿ ಬಂದು ಊರ ಜಗಳ ಬಗೆಹರಿಸಿದವರು. ಅವರು ಬ್ರಿಸ್ಬೇನಿಗೆ ಬಂದಮೇಲೆ, ನಮ್ಮವರ ಜಗಳ ಲಾಯರ್ ತನಕ ಹೋಗುವುದು ಬೇಡವೆಂದು, ಕನ್ನಡ ಬಳಗದ ವಾರ್ಷಿಕ ಸಭೆಯಲ್ಲಿ ಎಲ್ಲರೂ ಕೈಯೆತ್ತಿ ಅವರನ್ನು ಜಡ್ಜ್ ಮಾಡಿದೆವು. ೨೦೧೨ರ ಮಾತು. ನನ್ನ ಕೈಬರಹ ಚೆಂದವೆಂದು ಯಾರೋ ಅಂದದ್ದಕ್ಕೆ ಉಬ್ಬಿಹೋಗಿ ನಾನು ಗುಮಾಸ್ತನಾದೆ. ಕಾನೂನಿನ ಬಲ ನಮಗೆ ಎಳ್ಳಷ್ಟೂ ಇರಲಿಲ್ಲ, ಗತ್ತಿಗೇನೂ ಕಡಿಮೆಯಿರಲಿಲ್ಲ.

‘ಸಾಟರ್ಡೇ ಆರ್ವೋ ಇಬ್ರೂ ಬಂದ್ಬಿಡಿ’ ಎಂದು, ಇಲ್ಲಿಯವರ ಹಾಗೆ ಮಧ್ಯಾಹ್ನಕ್ಕೆ ಆರ್ವೋ ಎನ್ನುತ್ತಾ, ಫೋನ್ ಮಾಡುವುದು ನನ್ನ ಕೆಲಸ. ಎರಡೂ ಕಡೆಯವರು ಮಾತಾಡಿ ಮುಗಿಸಿ, ಒಂದೇ ತಟ್ಟೆಯಿಂದ ವೀಳ್ಯ ತೆಗೆದು ಒಬ್ಬರಿಗೊಬ್ಬರು ಕೊಡಬೇಕು. ಕೊಟ್ಟರೆ ರಾಜಿ. ನಾನು ಪುಸ್ತಕದಲ್ಲಿ ‘ರಾಜಿಯಾಯಿತು’ ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದೆ. ಒಂದೇ ಮನೆಯಲ್ಲಿದ್ದ ವಿದ್ಯಾರ್ಥಿಗಳ ಪಾತ್ರೆ ತೊಳೆಯುವ ಜಗಳ, ಹಿತ್ತಲಲ್ಲಿ ಸುಟ್ಟು ತಿನ್ನುವ ಬಾರ್ಬಿಗೆ ಕರೆಯಲಿಲ್ಲವೆಂಬ ಮುನಿಸು, ಎಲ್ಲ ಹೀಗೇ ಮುಗಿದವು. ರಾಜಿಯಾಗದ ಒಂದು ಕೇಸೂ ತಮ್ಮ ಹತ್ತಿರ ಇಲ್ಲವೆಂಬುದು ರುದ್ರಪ್ಪನವರ ಹೆಮ್ಮೆ.

ಹಾಗಿರುವಾಗ ಸುಮಾ ಗಂಡನ ಜೊತೆ ಬಂದಳು. ಮೈಸೂರಿನವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ.

“ಅಂಕಲ್, ಇವ್ರು ಹೊಡೀತಾರೆ. ಆ ಮನೇಗೆ ವಾಪಸ್ ಹೋಗೋಕೆ ಭಯ ಆಗತ್ತೆ,” ಎಂದಳು.

“ಇನ್ಮೇಲೆ ಮಾಡಲ್ಲ ಅಂಕಲ್. ಆಫೀಸಲ್ಲಿ ಸ್ಟ್ರೆಸ್ ಇತ್ತು,” ಎಂದ ಗಂಡ, ತಲೆ ತಗ್ಗಿಸಿ.

ರುದ್ರಪ್ಪನವರು ತಟ್ಟೆಯನ್ನು ಅವಳ ಮುಂದೆ ಸರಿಸಿದರು. “ತಗೋಮ್ಮ. ನಮ್ಮೆಲ್ಲರ ಮುಂದೆ ಮಾತು ಕೊಟ್ಟಿದಾನಲ್ಲ.”

ಅವಳು ನನ್ನ ಕಡೆ ನೋಡಿದಳು. ನಾನು ಆಗಲೇ ಬರೆಯಲು ಶುರುಮಾಡಿದ್ದೆ.

ಎರಡೇ ವಾರಕ್ಕೆ ಅವಳು ಪಕ್ಕದೂರು ಇಪ್ಸ್‌ವಿಚ್‌ನಲ್ಲಿ ಆಸ್ಪತ್ರೆ ಸೇರಿದಳು. ಎಡಗಣ್ಣು ಹೋಗಿತ್ತು. ನಾವಿಬ್ಬರೂ ನೋಡಲು ಹೋದಾಗ ಬೈಯಲಿಲ್ಲ, ಅಳಲಿಲ್ಲ. “ನೀವು ಹೇಳಿದ ಹಾಗೇ ಮಾಡಿದೆನಲ್ಲ ಅಂಕಲ್,” ಎಂದಳು, ಅಷ್ಟೆ. ವಾಪಸು ಬರುವಾಗ ಕಾರಿನಲ್ಲಿ ರುದ್ರಪ್ಪನವರು ಹೇಳಿದರು. “ಊರಲ್ಲೂ ಹಿಂಗೇ ಎಷ್ಟು ಹೆಣ್ಮಕ್ಕಳನ್ನ ವಾಪಸ್ ಕಳಿಸಿದೀನೋ. ಅವರ್ಯಾರೂ ಮತ್ತೆ ಬರಲಿಲ್ಲ. ನೆಟ್ಟಗಾಗಿದಾರೆ ಅಂದ್ಕೊಂಡಿದ್ದೆ.”

ಅವರು ರಾಜೀನಾಮೆ ಕೊಟ್ಟರು. ಬಳಗ ಒಪ್ಪಲಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಅವರ ಹೆಸರೇ ಬಂತು, ಎಲ್ಲ ಕೈಗಳೂ ಎದ್ದವು. ನನ್ನದೂ ಎದ್ದಿತು, ಆ ನಾಚಿಕೆ ಇವತ್ತಿಗೂ ಹೋಗಿಲ್ಲ. ಆ ವಾರವೇ ಅವರು ಪರ್ತ್‌ನಲ್ಲಿದ್ದ ಮಗನ ಮನೆಗೆ ಹೊರಟುಹೋದರು, ಅಲ್ಲೇ ತೀರಿಕೊಂಡರು. ಸುಮಾ ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಒಬ್ಬಳೇ ಇದ್ದಾಳಂತೆ. ಕ್ಷಮೆ ಕೇಳಿ ಕಾಗದ ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಅದೇ ಚೆಂದದ ಕೈಬರಹ ಕಂಡೊಡನೆ ಹರಿದುಹಾಕುತ್ತೇನೆ.

ಈ ವರ್ಷ ಬಳಗ ಕೈಯೆತ್ತಿದ್ದು ನನ್ನ ಹೆಸರಿಗೆ. ಬೇಡವೆನ್ನುವ ಧೈರ್ಯ ನನಗೆ ಯಾವತ್ತು ಇತ್ತು? ಇವತ್ತೇ ಮೊದಲ ಶನಿವಾರ. ವೀಳ್ಯದೆಲೆ ಕೊಳ್ಳದೆ ಬಂದೆ. ಮಧ್ಯಾಹ್ನ ಬಂದ ದಂಪತಿಯಲ್ಲಿ ಗಂಡನನ್ನು ಹೊರಗೇ ಕೂರಿಸಿ, ಹುಡುಗಿಯನ್ನು ಒಳಗೆ ಕರೆದೆ. ಈ ಸೆಕೆಯಲ್ಲೂ ಅವಳು ತುಂಬುತೋಳಿನ ಸ್ವೆಟರ್ ಹಾಕಿಕೊಂಡಿದ್ದಳು. ಕುರ್ಚಿಯ ಅಂಚಿನಲ್ಲಿ ಕೂತು, ನಾನು ಏನೂ ಕೇಳುವ ಮೊದಲೇ ಹೇಳಿದಳು:

“ನೀವು ಹೇಳಿದ ಹಾಗೆ ಮಾಡ್ತೀನಿ ಅಂಕಲ್.”