ಬೆಂಕಿಯಿಲ್ಲದ ಬರೆ

ಕುರಿಯ ಕಾಲು ಹಿಡಿದುಕೊಂಡರೆ ಹುಳಿಯಾರು ಸುತ್ತಿನ ಹಟ್ಟಿಗಳವರು ಅದನ್ನು ನಮ್ಮಕ್ಕ ಕೆಂಚಮ್ಮನ ಹತ್ತಿರ ಹೊತ್ತುಕೊಂಡು ಬರುತ್ತಿದ್ದರು. ಅವಳು ಕುಡುಗೋಲಿನ ಮೊನೆ ಕೆಂಪಗೆ ಕಾಯಿಸಿ ತೊಡೆಯ ಮೇಲೆ ಒಂದು ಬರೆ ಎಳೆದರೆ ಕುರಿ ಒದರಿಕೊಂಡು ಎದ್ದು ನಿಲ್ಲುತ್ತಿತ್ತು. ‘ಸತ್ತ ನರಕ್ಕೆ ಚುರುಕು ಮುಟ್ಟಿಸ್ಬೇಕು ಕಣ್ಲಾ’ ಎನ್ನುವಳು. ಕುರಿಗಷ್ಟೇ ಅಲ್ಲ, ಹೆರಿಗೆಗೆ ಯಾವ ಆಸ್ಪತ್ರೆ, ಹುಡುಗಿಯನ್ನು ಯಾವ ಊರಿಗೆ ಕೊಡುವುದು, ಎಲ್ಲಕ್ಕೂ ಹೆಂಗಸರು ‘ಕೆಂಚಕ್ಕ ಏನಂದ್ಲು?’ ಎಂದೇ ಕೇಳುತ್ತಿದ್ದರು. ಅವಳಿಗಿದ್ದ ಆಸ್ತಿಯೆಂದರೆ ಆ ಮಾತೊಂದೇ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂತು. ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗಿಕೊಂಡು, ತೆಂಗಿನ ನಾರಿನ ಹಗ್ಗ ಹೊಸೆದುಕೊಂಡು ಚೆನ್ನಾಗಿಯೇ ಇದ್ದಳು. ಪಾದ ಮಾತ್ರ ಮರಗಟ್ಟಿತ್ತು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಕಾಂತೇಶ ಬಂದ. ತೀರಿಹೋದ ನಮ್ಮ ತಂಗಿಯ ಮಗ, ಅಕ್ಕನೇ ಮಗ್ಗುಲಲ್ಲಿ ಮಲಗಿಸಿಕೊಂಡು ಸಾಕಿದವನು. ಹುಳಿಯಾರಿನಲ್ಲಿ ಕೊಬ್ಬರಿ ಅಂಗಡಿಯ ಪಕ್ಕ ಕೋಣೆ ಹಿಡಿದು ಒಂದು ಮಿಷನ್ ಇಟ್ಟ. ಎರಡು ತಗಡು, ಅದರ ಮೇಲೆ ಪಾದ ಇಟ್ಟರೆ ಕರೆಂಟು ಜುಮ್ಮೆನ್ನುತ್ತದೆ.

‘ಸಕ್ಕರೆ ಕಾಯ್ಲೆ ಅಂದ್ರೆ ನರ ನಿದ್ದೆ ಹೋಗಿರೋದು ದೊಡ್ಡವ್ವ. ಎಬ್ಬಿಸಿದ್ರೆ ಸಕ್ಕರೆ ತಾನೇ ಇಳೀತದೆ. ಮಾತ್ರೆ ನುಂಗಿದ್ರೆ ಮತ್ತೆ ಮಲಿಕ್ಕತದೆ, ಬುಟ್ಬುಡು’ ಎಂದ.

ಅಕ್ಕ ಕಾಲಿಟ್ಟಳು. ಏನೂ ತಿಳಿಯದ ಪಾದದಲ್ಲಿ ಜುಮ್ಮೆಂದಿತು. ‘ಅಯ್ಯೋ, ಇದು ಬೆಂಕಿಯಿಲ್ದಿರೋ ಬರೆ ಕಣ್ಲಾ ಮುದ್ದಣ್ಣ!’ ಎಂದು ನನ್ನ ಕೈ ಹಿಡಿದು ನಕ್ಕಳು.

ತನ್ನ ಮಾತ್ರೆ ಬಿಟ್ಟು, ಆ ಮಾತನ್ನೇ ಹಟ್ಟಿ ಹಟ್ಟಿಗೂ ಹೊತ್ತಳು. ಹೆಂಗಸರು ಮಾತ್ರೆಗಳನ್ನು ತಿಪ್ಪೆಗೆಸೆದು ಬಸ್ಸು ಹತ್ತಿದರು. ನೆರೆಮನೆಯ ಚಿತ್ತಮ್ಮನನ್ನಂತೂ ತಾನೇ ಕರೆದೊಯ್ದಳು. ‘ಲೇ, ನೀನ್ಯಾವ ಡಾಕ್ಟ್ರು ಓದಿದ್ದೀಯಲಾ?’ ಎಂದು ನಾನು ಕಾಂತೇಶನನ್ನು ಬೈದರೆ ಅಕ್ಕ ನನ್ನ ಮೇಲೇ ಹಾರಿದಳು. ‘ನಾಕ್ನೇ ಕ್ಲಾಸು ಓದಿದೋನು ನೀನು, ಬಾಯ್ಮುಚ್ಚು. ನನ್ನ ಮಗ ನಂಗೆ ಕೆಟ್ಟದ್ ಮಾಡ್ತಾನಾ?’

ಶ್ರಾವಣದಲ್ಲಿ ಅವಳ ಕಾಲಿನ ಹೆಬ್ಬೆರಳ ಬುಡ ಹುಣ್ಣಾಯಿತು. ‘ಕೆಟ್ಟ ರಕ್ತ ಹೊರಕ್ಕೆ ಬತ್ತೈತೆ, ಒಳ್ಳೇದೇ’ ಎಂದ ಕಾಂತೇಶ. ಆ ದಿನ ಅವನು ಅಕ್ಕನ ಮನೆಯಲ್ಲೇ ಊಟಕ್ಕೆ ಕೂತ. ಮುದ್ದೆ ಮುರಿಯುವ ಮೊದಲು ಗೋಡೆಗೆ ತಿರುಗಿ ಏನೋ ನುಂಗಿದ.

‘ಏನ್ಲಾ ಅದು?’

‘ಗ್ಯಾಸ್ಟ್ರಿಕ್ದು ಕಣವ್ವ.’

ಅಕ್ಕನಿಗೆ ಓದು ಬರದು. ಆದರೆ ಅವನ ಕೈಯಲ್ಲಿದ್ದಂಥ ನೀಲಿ ಪಟ್ಟೆಯ ಮಾತ್ರೆ ಹಾಳೆಯಿಂದಲೇ ಅವಳೂ ವರ್ಷಗಟ್ಟಲೆ ಬಿಡಿಸಿ ನುಂಗಿದ್ದಳು.

‘ನಿಂಗೂ ಐತಾ ಸಕ್ಕರೆ?’

ಅವನು ಹಾಳೆಯನ್ನು ಜೇಬಿಗೆ ತುರುಕಿದ. ನಾನು ಹೊಡೆಯಲು ಕೈ ಎತ್ತಿದೆ. ‘ಉಂಡ್ಕಳ್ಳಿ ಬುಡು’ ಎಂದಳು ಅಕ್ಕ.

ಮಾರನೆಯ ದಿನ ನನ್ನ ಹೆಗಲು ಹಿಡಿದು ಕುಂಟುತ್ತ ಅವನ ಮಿಷನ್ ಕೋಣೆಗೆ ಹೋಗಿ, ಜನರೆದುರಿಗೆ ಅವನಿಗೆ ಸೆರಗು ಒಡ್ಡಿದಳು. ‘ನಿನ್ ಜೇಬಲ್ಲಿರೋ ಸಕ್ಕರೆ ಮಾತ್ರೆ ಇದಕ್ಕಾಕು ಮಗ. ಹಾಕಿ, ನೀನೂ ತಗಡಿನ ಮೇಲೆ ಕಾಲಿಡು.’

ಕಾಂತೇಶ ನಗುನಗುತ್ತಲೇ ನನಗೆ ಹೇಳಿದ: ‘ದೊಡ್ಡವ್ವಂಗೆ ಜ್ವರ ತಲೆಗೇರೈತೆ ಮಾವ. ಮನೆಗೆ ಕರ್ಕಂಡೋಗು.’

ಯಾರೂ ಏಳಲಿಲ್ಲ. ತಗಡಿನ ಮೇಲಿಂದ ಕಾಲು ತೆಗೆಯದೆಯೇ ಚಿತ್ತಮ್ಮ ಅಂದಳು: ‘ಆವತ್ತು ನೀನೇ ಬರೆ ಅಂದೆ, ಇವತ್ತು ಮೋಸ ಅಂತೀಯ. ನಿಂಗೆ ಹುಣ್ಣಾಯ್ತು ಅಂತ ನಾವೂ ಬುಡ್ಬೇಕಾ ಕೆಂಚಕ್ಕ?’

ನಾನು ಮಿಷನ್ ಒದೆಯಲು ಹೋದೆ. ನಾಲ್ಕು ಜನ ಹಿಡಿದುಕೊಂಡರು. ಹಿಡಿದವರೆಲ್ಲ ನಮ್ಮ ಹಟ್ಟಿಯವರೇ.

ತಿಪಟೂರಿನ ಆಸ್ಪತ್ರೆಯಲ್ಲಿ ಅಕ್ಕನ ಎರಡು ಬೆರಳು ತೆಗೆದರು. ಅಷ್ಟರಲ್ಲಿ ಕಾಂತೇಶ ಕೋಣೆ ಖಾಲಿ ಮಾಡಿದ್ದ. ಎಲ್ಲಿಗೆ ಹೋದನೋ, ತನ್ನ ದೊಡ್ಡವ್ವನಿಗೆ ಒಂದು ಮಾತೂ ಹೇಳಲಿಲ್ಲ. ಮಿಷನ್ ಹೋದರೂ ಚಿತ್ತಮ್ಮ ಮಾತ್ರೆಗೆ ಮರಳಲಿಲ್ಲ. ಅವಳ ಕಾಲೂ ಊದಿದೆ ಎಂಬ ಸುದ್ದಿ ಆಸ್ಪತ್ರೆಯ ಹಾಸಿಗೆಗೇ ಬಂತು.

ಅಕ್ಕ ನನ್ನನ್ನು ಹತ್ತಿರ ಕರೆದಳು. ‘ಹೋಗಿ ಚಿತ್ತಮ್ಮಂಗೆ ಮಾತ್ರೆ ನುಂಗು ಅನ್ನು. ಡಾಕ್ಟ್ರು ಹೇಳಿ ಕಳ್ಸವ್ರೆ ಅನ್ನು ಕಣಪ್ಪ. ನನ್ನ ಹೆಸ್ರು ಎತ್ಬ್ಯಾಡ. ನಾನಂದೆ ಅಂದ್ರೆ ನುಂಗಲ್ಲ ಅವ್ಳು.’