ಕ್ಷೌರ ಮಾಡಿಸಿಕೊಂಡ ಟೈರು

ಗಾಳಿ ಮಾಮನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವರ ಪಂಚರ್ ಅಂಗಡಿ. ಬಾಗಿಲ ಹತ್ತಿರ ಮಾತ್ರ ನೆಟ್ಟಗೆ ನಿಲ್ಲಬಹುದು. ಒಳಗೆ ಹೋದಂತೆಲ್ಲ ಮೆಟ್ಟಿಲು ತಲೆಗೆ ಬಡಿಯುತ್ತದೆ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ ಮಾಡಿ, ಎಡಗೈ ಕಿರುಬೆರಳಿನ ತುದಿಯನ್ನು ಅಲ್ಲೇ ಯಾವುದೋ ರಿಮ್ಮಿಗೆ ಕೊಟ್ಟು ಬಂದವರು. ಪಿಂಚಣಿಯಲ್ಲಿ ಹಿಡಿದುಕೊಂಡದ್ದು ಅದೊಂದನ್ನೇ ಎನ್ನುತ್ತಾರೆ. ಗಾಳಿಗೆ ಕಾಸು ಮುಟ್ಟುವುದಿಲ್ಲ. ಇದಕ್ಕೆ ದುಡ್ಡು ಕೇಳಿದರೆ ನಾಳೆ ಉಸಿರಾಡಿದ್ದಕ್ಕೂ ಕೇಳಬೇಕಾದೀತಂತೆ.

ನಾನು ಔಷಧಿ ಗೋದಾಮಿನ ಡಬ್ಬಗಳನ್ನು ಅಂಗಡಿ ಅಂಗಡಿಗೆ ಮುಟ್ಟಿಸುವವನು. ನನ್ನ ಬೈಕು ಅಣ್ಣ ಓಡಿಸಿ ಸಾಕಾಗಿ ಬಿಟ್ಟದ್ದು. ಅದರ ಅಳತೆಯ ಟೈರನ್ನು ಈಗ ಹೆಚ್ಚಿನ ಅಂಗಡಿಯವರು ಇಡುವುದೇ ಇಲ್ಲ. ಟೈರುಗಳ ಗೆರೆ ಸವೆದು ಬೋಳಾದದ್ದನ್ನು ನನಗಿಂತ ಮೊದಲು ನೋಡಿದವರು ಮಾಮ. ನನಗೆ ಹೇಳದೆಯೇ ಪೇಟೆಯ ದೊಡ್ಡ ಅಂಗಡಿಗೆ ಹೋಗಿ ಒಂದು ಜೊತೆ ತಂದರು. ಬಸ್ಸಿನ ಮೇಲೆ ಹಾಕಿ ಎಂದು ಕಂಡಕ್ಟರ್ ಗದರಿದರೂ ಕೇಳದೆ ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ಕೊಕ್ಕೆಗೆ ನೇತುಹಾಕಿ, "ಬೇಗ ಬಾ. ನೇತುಹಾಕಿದ್ರೂ ರಬ್ಬರಿಗೆ ವಯಸ್ಸಾಗುತ್ತೆ" ಎಂದರು.

ಅಷ್ಟರಲ್ಲಿ ಗೋದಾಮಿನ ಜೊತೆಗಾರನೊಬ್ಬ, ಗಡಿಯಾಚೆ ಅದೇ ಟೈರು ಅರ್ಧ ಬೆಲೆಗೆ ಸಿಗುತ್ತದೆಂದು ಕಿವಿ ಊದಿದ. ನನ್ನ ಕಿವಿಯೋ, ಊದಿಸಿಕೊಳ್ಳಲೆಂದೇ ಇರುವಂಥದ್ದು. ಬೇರೆಡೆ ಕೊಳ್ಳುತ್ತೇನೆಂದು ಮಾಮನಿಗೆ ನೇರವಾಗಿ ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಬೈಕೇ ಮಾರೋಣ ಅಂತಿದೀನಿ ಮಾಮ" ಎಂದುಬಿಟ್ಟೆ.

ಅವರು ಕೊಕ್ಕೆಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದರು. "ಹಾಗಾದ್ರೆ ನಿಂಗ್ಯಾಕೆ ಹೊಸ ಟೈರಿನ ಖರ್ಚು, ಬಿಡು" ಎಂದರು. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಭಾನುವಾರ ಗಡಿ ದಾಟಿದೆ. ಹೊಸ ಟೈರನ್ನು ಕೈಯಲ್ಲಿ ತಂದರೆ ಗಡಿಯ ಗೇಟಿನಲ್ಲಿ ಸುಂಕ ಕಟ್ಟಬೇಕು. ಗಾಡಿಗೆ ಹಾಕಿಸಿಕೊಂಡು, ಹಳೆಯದರಂತೆ ಕಾಣುವ ಹಾಗೆ ಮಾಡಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಆಚೆಯ ಅಂಗಡಿಯ ಹಿತ್ತಲಲ್ಲಿ ವಿಚಿತ್ರ ಕೆಲಸವೊಂದು ನಡೆಯುತ್ತಿತ್ತು. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲಿರುತ್ತವಲ್ಲ, ಅವನ್ನು ಬ್ಲೇಡಿನಿಂದ ಹೆರೆದು, ಮೇಲೆ ಕೆಸರು ಬಳಿಯುವುದು. ಇಸ್ತ್ರಿ ಮಾಡಿದ ಶರ್ಟು ತೊಟ್ಟ ಆರೇಳು ಗಂಡಸರು ಕುಕ್ಕರಗಾಲಲ್ಲಿ ಕೂತು ಟೈರಿಗೆ ಕ್ಷೌರ ಮಾಡುತ್ತಿದ್ದೆವು. ನನ್ನ ಗಡ್ಡವನ್ನೂ ನಾನು ಅಷ್ಟು ಶ್ರದ್ಧೆಯಿಂದ ಹೆರೆದುಕೊಂಡವನಲ್ಲ. ಟೈರು ಹಾಕಿಕೊಟ್ಟವನಿಗೆ ಅವಸರ, ನನಗೆ ಅವನಿಗಿಂತ ಅವಸರ. ಅವನು ಹೇಗೆ ಹಾಕಿದ ಎಂದು ನೋಡಲಿಲ್ಲ.

ಗಡಿ ಕಾಯುವವನು ನನ್ನ ಟೈರುಗಳತ್ತ ಕಣ್ಣೂ ಹಾಯಿಸಲಿಲ್ಲ. ಹಣೆಗೆ ಮೆತ್ತಿದ್ದ ಕೆಸರು ನೋಡಿ, ಎಲ್ಲಿ ಬಿದ್ದೆ ಮಾರಾಯ ಎಂದು ಕನಿಕರಿಸಿ ಕಳಿಸಿದ.

ಅಂದಿನಿಂದ ಮಾಮನ ಅಂಗಡಿ ತಪ್ಪಿಸಲು ಹಿಂದಿನ ಬೀದಿ ಬಳಸಿ ಹೋಗತೊಡಗಿದೆ. ಹದಿನೈದು ದಿನ ನಡೆಯಿತು ಈ ಪ್ರದಕ್ಷಿಣೆ. ಮಳೆ ಬಂದ ದಿನ ಬೈಕು ಎರಡು ಸಲ ಜಾರಿತು, ರಸ್ತೆಯನ್ನು ಬೈದೆ. ಮಾರನೆಯ ಬೆಳಿಗ್ಗೆ, ಹಿಂದೆ ಡಬ್ಬಗಳ ಹೊರೆ ಇದ್ದಾಗಲೇ, ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಔಷಧಿ ಕಾಯುವವರಿದ್ದರು. ತಳ್ಳಿಕೊಂಡು ಹೋಗಿ ಮಾಮನೆದುರು ನಿಂತೆ.

"ಇನ್ನೂ ಮಾರಿಲ್ವಾ? ಒಳ್ಳೇದಾಯ್ತು" ಎಂದರು. "ನನ್ನ ತಂಗಿ ಮಗನಿಗೆ ಹೇಳಿಟ್ಟಿದೀನಿ. ನಾಡಿದ್ದು ನೋಡೋಕೆ ಬರ್ತಾನೆ."

ನಾನು ಡಬ್ಬದ ಹಗ್ಗ ಬಿಚ್ಚುವವನಂತೆ ಬಗ್ಗಿದೆ. ಅವರು ಚಕ್ರ ಬಿಚ್ಚಿ ಮೊಳೆ ಹುಡುಕಲು ಟೈರಿನ ಮೇಲೆ ಅಂಗೈ ಆಡಿಸಿದರು. ಕೈ ನಿಂತಿತು. ತುದಿಯಿಲ್ಲದ ಕಿರುಬೆರಳು ಟೈರಿನ ಪಕ್ಕದ ಬಾಣದ ಗುರುತಿನ ಮೇಲಿತ್ತು. ಚಕ್ರ ಯಾವ ಕಡೆ ಉರುಳಬೇಕೆಂದು ತೋರಿಸುವ ಬಾಣ ಅದು.

"ಬಾಣ ಹಿಂದುಮುಂದಾಗಿದೆ ಕಣೋ. ನೀರನ್ನ ಆಚೆ ತಳ್ಳೋ ಬದಲು ಒಳಗೆ ಎಳ್ಕೊಳ್ಳುತ್ತೆ. ಮಳೇಲಿ ಜಾರಲಿಲ್ವಾ?"

ಎಲ್ಲಿ ಕೊಂಡೆ ಎಂದು ಕೇಳಲಿಲ್ಲ. ಇನ್ನೊಮ್ಮೆ ಟೈರು ಸವರಿ, "ಕ್ಷೌರ ಮಾತ್ರ ಚೆನ್ನಾಗಿ ಮಾಡಿದಾನೆ" ಎಂದರು.

"ನಾನೇ ಮಾಡಿದ್ದು ಮಾಮ."

ಅಷ್ಟೇ ಹೊರಬಿತ್ತು. ಬೈಕು ಮಾರುವ ಸುಳ್ಳೂ ಅದರ ಜೊತೆಗೇ ಉದುರಿತು.

ಅವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿದರು. ತೇಪೆ ಹಾಕಿದರು. ಟೈರು ತಿರುಗಿಸಿ ಹಾಕಿದರು. ಕೇಳದೆಯೇ ಮುಂದಿನದನ್ನೂ ನೋಡಿದರು, ಅದು ಸರಿಯಿತ್ತು. ಆಮೇಲೆ, "ತಂಗಿ ಮಗನಿಗೆ ಬರಬೇಡ ಅಂತೀನಿ" ಎಂದರು.

"ಕೊಕ್ಕೆಯಲ್ಲಿರೋ ಆ ಟೈರುಗಳನ್ನ ನಾನೇ ತಗೊಳ್ತೀನಿ ಮಾಮ."

"ನಿನ್ನ ಬೈಕಿಗೆ ಎಷ್ಟು ಚಕ್ರ?"

"ಎರಡು."

"ಎರಡಕ್ಕೂ ಟೈರಿದೆ. ಸವೆದ್ಮೇಲೆ ಬಾ."

ಅಷ್ಟರಲ್ಲಿ ರಬ್ಬರಿಗೆ ವಯಸ್ಸಾಗುವುದಿಲ್ಲವೇ ಎಂದೆ. "ಆಗುತ್ತೆ" ಎಂದು ಪಂಪಿನತ್ತ ತಿರುಗಿದರು. ತೇಪೆಯ ಕಾಸು ಮಾತ್ರ ತೆಗೆದುಕೊಂಡರು. ಗಾಳಿ ಎಂದಿನಂತೆ ಬಿಟ್ಟಿ.

ಈಗ ದಿನವೂ ಆ ಬೀದಿಯಲ್ಲೇ ಹೋಗುತ್ತೇನೆ. ಮಾಮ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಅವರ ಹಿಂದೆ ಕೊಕ್ಕೆಯಲ್ಲಿ ಆ ಜೋಡಿ ಟೈರು, ಒಂದು ಕೂದಲೂ ಕೊಂಕಿಲ್ಲ. ನನ್ನವು ಬೇಗ ಸವೆಯಲೆಂದು ಜಲ್ಲಿ ಕಿತ್ತ ರಸ್ತೆಗಳನ್ನೇ ಹುಡುಕಿ ಹೋಗುತ್ತಿದ್ದೇನೆ. ಹಾಳಾದವು, ಬಲು ಗಟ್ಟಿ ಬಂದಿವೆ.